ಒಂದೇ ತಾಯಿಯ ಮಕ್ಕಳನ್ನು ಡೇಟಾದಾಗ ಗುಂಪು ಮಾಡೋದು ಹ್ಯಾಂಗ?

ಪ್ರಶ್ನೆ (ಹಡಪ್ಸರದ ಸದಸ್ಯೆ):
ನಮಸ್ಕಾರ್ರೀ ಸರ. ನಾ ಬಾಗಲಕೋಟಿಯಾಕಿ, ಈಗ ಪುಣೆಯೊಳಗ ತಾಯಿ-ಮಕ್ಕಳ ಆರೋಗ್ಯದ ಒಂದು ಪ್ರಾಜೆಕ್ಟ್‌ನಾಗ ಡೇಟಾ ನೋಡ್ಕೋತೀನಿ. ಕೆಲವು ಹೆರಿಗೆ ಆಸ್ಪತ್ರೆಗಳ ಹಳೇ ಜನನ ದಾಖಲೆ ಎಕ್ಸೆಲ್‌ನಾಗ ಕೊಟ್ಟಾರ, ಸುಮಾರು 20,000 ಸಾಲು. ಒಂದು ಸಾಲಿಗೆ ಒಂದು ಕೂಸು. ತಾಯಿ ಹೆಸರು, ವಯಸ್ಸು, ಗಂಡನ ಹೆಸರು, ಮೊಬೈಲ್, ಹುಟ್ಟಿದ ತಾರೀಖು, ತೂಕ ಎಲ್ಲಾ ಅದಾವ. ಒಬ್ಬಾಕಿ ತಾಯಿಯ ಮಕ್ಕಳನ್ನ ಒಂದು ಗುಂಪಿಗೆ ತಂದು, ಎರಡು ಹೆರಿಗೆ ನಡುವಿನ ಅಂತರ ಕೂಸಿನ ತೂಕದ ಮ್ಯಾಲೆ ಪರಿಣಾಮ ಮಾಡತೈತೇನು ನೋಡಬೇಕು. ಆಫೀಸಿನಾಗ ಅಂಕಿಅಂಶದ ಸಾಫ್ಟ್‌ವೇರ್ ಸಾಸ್ (SAS) ಐತಿ, ನನಗ ಅಂಥಾದ್ದೇ ಆರ್ (R) ಸ್ವಲ್ಪ ಬರತೈತಿ. ತಾಯಿ ಹೆಸರಿನ ಮ್ಯಾಲೆ ಸಾರ್ಟ್ ಹೊಡದು ನಂಬರ್ ಕೊಟ್ರ ಸಾಕೇನ್ರಿ?

ಉತ್ತರ (ಬಯೋಸ್ಟ್ಯಾಟಿಸ್ಟಿಶಿಯನ್, ಬಾಣೇರ್):
ಸಾಕಾಗೋದಿಲ್ಲ ತಂಗಿ. ಗುಂಪು ಮಾಡುವ ಕೋಡು ನಾಲ್ಕು ಸಾಲಿನದು, ಅದನ್ನು ಕೊನೆಗೆ ಹೇಳ್ತೀನಿ. ಎರಡು ಸಾಲುಗಳಲ್ಲಿರುವ ತಾಯಿ ಒಬ್ಬಳೇನಾ ಅಂತ ತೀರ್ಮಾನ ಮಾಡೋದರಲ್ಲೇ ನಿಮ್ಮ ಮುಕ್ಕಾಲು ಸಮಯ ಹೋಗುತ್ತೆ.

ಹೆಸರನ್ನೇ ತಗೊಳ್ರಿ. ಇಲ್ಲಿ ಮದುವೆಯಾದ ಮೇಲೆ ಅಡ್ಡಹೆಸರು ಬದಲಾಗುತ್ತೆ, ಎಷ್ಟೋ ಮನೆಗಳಲ್ಲಿ ಹುಡುಗಿಯ ಹೆಸರನ್ನೂ ಬದಲಾಯಿಸ್ತಾರೆ. ಒಂದು ಹೆರಿಗೆಗೆ ತವರಿನ ಆಧಾರ್ ಕಾರ್ಡ್ ತೋರಿಸಿದವಳು ಮುಂದಿನದಕ್ಕೆ ಗಂಡನ ಮನೆಯದನ್ನು ತೋರಿಸಿರಬಹುದು. ಮೇಲಾಗಿ ಕಾಗುಣಿತ. ಗಂಡನ ಹೆಸರು ಜ್ಞಾನೇಶ್ವರ ಅನ್ನೋದನ್ನು ಮರಾಠಿ ಗುಮಾಸ್ತ ಇಂಗ್ಲಿಷಿನಲ್ಲಿ 'ಡಿ'ಯಿಂದ ಶುರು ಮಾಡ್ತಾನೆ, ಹಿಂದಿಯವನು 'ಜಿ'ಯಿಂದ, ನಮ್ಮವನಾದರೆ 'ಜೆ'ಯಿಂದ. ಹೆಸರನ್ನು ಉಚ್ಚಾರದ ಮೇಲೆ ಸಂಕೇತಕ್ಕೆ ತಿರುಗಿಸುವ ಸೌಂಡೆಕ್ಸ್ ಮೊದಲ ಅಕ್ಷರವನ್ನು ಹಾಗೇ ಉಳಿಸಿಕೊಳ್ಳುವ ವಿಧಾನ, ಆದ್ದರಿಂದ ಅದು ಈ ಮೂವರನ್ನೂ ಬೇರೆ ಬೇರೆ ಗಂಡಂದಿರು ಅಂತಲೇ ತಿಳಿಯುತ್ತೆ. ಇಂಥ ಪರಿಚಿತ ಜೋಡಿಗಳಿಗೆ ಮೊದಲೇ ಒಂದು ಬದಲಿ ಪಟ್ಟಿ ಮಾಡಿಕೊಂಡು, ಆಮೇಲೆ ಎರಡು ಹೆಸರು ಎಷ್ಟು ಹೋಲುತ್ತವೆ ಅಂತ ಅಂಕ ಕೊಡುವ ಜಾರೊ-ವಿಂಕ್ಲರ್ ಹೋಲಿಕೆ ಹಚ್ಚಿ.

ಮೊಬೈಲ್ ನಂಬರು ಚೆನ್ನಾಗಿ ಕೆಲಸಕ್ಕೆ ಬರುತ್ತೆ, ಆದರೆ ಕುರುಡಾಗಿ ನಂಬಬೇಡಿ. ಮೊದಲು ಒಂದೊಂದು ನಂಬರಿಗೆ ಎಷ್ಟು ಸಾಲಿವೆ ಎಣಿಸಿ. ಒಂದರ ಕೆಳಗೆ ಮೂವತ್ತು ನಲವತ್ತು ಹೆರಿಗೆ ಕಂಡರೆ ಅದು ಆಶಾ ಕಾರ್ಯಕರ್ತೆಯ ನಂಬರೋ, ಆಸ್ಪತ್ರೆ ಕೌಂಟರಿನದೋ ಇದ್ದೀತು. ಅದನ್ನು ಖಾಲಿ ಅಂತ ಪರಿಗಣಿಸಿ.

ತಾಯಿಯ ವಯಸ್ಸಿದೆ, ಆದರೆ ಅದು ಆ ಹೆರಿಗೆ ಹೊತ್ತಿನದು. ಕೂಸು ಹುಟ್ಟಿದ ವರ್ಷದಲ್ಲಿ ಅದನ್ನು ಕಳೆದರೆ ತಾಯಿ ಹುಟ್ಟಿದ ವರ್ಷ ಅಂದಾಜಿಗೆ ಸಿಗುತ್ತೆ. ಎರಡು ವರ್ಷದ ಹೆಚ್ಚುಕಮ್ಮಿಗೆ ಜಾಗ ಬಿಡಿ, ನಮ್ಮಲ್ಲಿ ವಯಸ್ಸು ಕೇಳಿದರೆ 20, 25 ಅಂತ ಹೇಳಿ ಕೈತೊಳೆದುಕೊಳ್ಳೋರೇ ಜಾಸ್ತಿ.

ಇವನ್ನೆಲ್ಲ ಕೂಡಿಸಿ ತೂಗುವ ಲೆಕ್ಕವನ್ನು ಫೆಲ್ಲೆಗಿ ಮತ್ತು ಸಂಟರ್ 1969ರಲ್ಲೇ ಕೊಟ್ಟಿದ್ದಾರೆ. ನಿಜವಾಗಿ ಒಬ್ಬಳೇ ಆಗಿದ್ದರೆ ಈ ಅಂಶ ಹೊಂದುವ ಸಂಭವ ಎಷ್ಟು, ಬೇರೆಯವಳಾಗಿದ್ದೂ ಆಕಸ್ಮಿಕವಾಗಿ ಹೊಂದುವ ಸಂಭವ ಎಷ್ಟು, ಇವೆರಡರ ಅನುಪಾತದ ಲಾಗರಿದಮ್ಮೇ ಆ ಅಂಶದ ತೂಕ. ಪುಣೆಯಲ್ಲಿ 'ಪಾಟೀಲ' ಹೊಂದಿದರೆ ಏನೂ ಸಿಕ್ಕಂತಾಗಲಿಲ್ಲ. ಅಪರೂಪದ ಅಡ್ಡಹೆಸರು ಹೊಂದಿದರೆ ಅದಕ್ಕೆ ಬೆಲೆ ಇದೆ. ಆರ್‌ನಲ್ಲಿ ಫಾಸ್ಟ್‌ಲಿಂಕ್, ರೆಕ್‌ಲಿನ್2 ಪ್ಯಾಕೇಜುಗಳು ಇದನ್ನು ಮಾಡ್ತವೆ.

ಎಲ್ಲ ಸಾಲನ್ನೂ ಎಲ್ಲದರ ಜೊತೆ ಹೋಲಿಸೋಕೆ ಹೋಗಬೇಡಿ ಮಾತ್ರ. 20,000 ಸಾಲಿಗೆ ಜೋಡಿಗಳು ಸುಮಾರು 20 ಕೋಟಿ ಆಗ್ತವೆ, ಆಫೀಸಿನ ಲ್ಯಾಪ್‌ಟಾಪ್ ಅಲ್ಲೇ ಕೂತುಬಿಡುತ್ತೆ. ಒಮ್ಮೆ ಮೊಬೈಲ್ ಒಂದೇ ಇರುವವರೊಳಗೆ, ಇನ್ನೊಮ್ಮೆ ತಾಯಿ ಹುಟ್ಟಿದ ವರ್ಷ ಹತ್ತಿರ ಇದ್ದು ಗಂಡನ ಹೆಸರು ಹೊಂದುವವರೊಳಗೆ, ಹೀಗೆ ಬ್ಲಾಕ್ ಮಾಡಿಕೊಂಡು ಹೋಲಿಸಿ.

ಪ್ರಶ್ನೆ (ಅವರೇ):
ಜೋಡಿ ಸಿಕ್ಕ ಮ್ಯಾಲೆ? ಮೊದಲನೇದು ಎರಡನೇದಕ್ಕ ಹೊಂದೈತಿ, ಎರಡನೇದು ಮೂರನೇದಕ್ಕ ಹೊಂದೈತಿ. ಮೂರೂ ಒಂದ ಮನಿ ಅನಬೇಕೇನ್ರಿ?

ಉತ್ತರ:
ಅನಬೇಕು, ಆದರೆ ಸಂಶಯ ಇಟ್ಟುಕೊಂಡು. ಆರ್‌ನಲ್ಲಿ ಐಗ್ರಾಫ್ ಪ್ಯಾಕೇಜಿನ ಕಾಂಪೊನೆಂಟ್ಸ್ ಫಂಕ್ಷನ್ ಈ ಸರಪಳಿಗಳನ್ನು ಒಟ್ಟುಗೂಡಿಸಿ ಪ್ರತಿ ಗುಂಪಿಗೆ ಒಂದು ನಂಬರು ಕೊಡುತ್ತೆ. ತೊಂದರೆ ಏನಂದರೆ, ಒಂದೇ ಒಂದು ದುರ್ಬಲ ಕೊಂಡಿ ಸಂಬಂಧವಿಲ್ಲದ ಎರಡು ಮನೆಗಳನ್ನು ಕಟ್ಟಿಹಾಕಬಹುದು. ಒಂದು ಗುಂಪಿನಲ್ಲಿ ಎಂಟು ಹತ್ತು ಮಕ್ಕಳು ಬಂದರೆ ಅದನ್ನು ಕಣ್ಣಾರೆ ನೋಡಿ.

ಗುಂಪಾದ ಮೇಲೆ ತಾಯಿ ನಂಬರು, ಆಮೇಲೆ ಹುಟ್ಟಿದ ತಾರೀಖು, ಈ ಕ್ರಮದಲ್ಲಿ ಸಾಸ್‌ನ ಪ್ರಾಕ್ ಸಾರ್ಟ್. ಸಾಲುಗಳನ್ನು ಒಂದೊಂದಾಗಿ ಓದುವ ಡೇಟಾ ಸ್ಟೆಪ್‌ನಲ್ಲಿ ತಾಯಿ ನಂಬರಿನ ಮೇಲೆ ಗುಂಪು ತೋರಿಸುವ ಬೈ ಹಾಕಿ. ಫಸ್ಟ್-ಡಾಟ್, ಅಂದರೆ ಹೊಸ ತಾಯಿಯ ಮೊದಲ ಸಾಲು, ಬಂದಾಗ ಎಣಿಕೆ ಒಂದಕ್ಕೆ ಮರಳಬೇಕು, ಅಂತರ ಖಾಲಿ ಆಗಬೇಕು. ಹಿಂದಿನ ತಾರೀಖಿಗೆ ಲ್ಯಾಗ್ ಬಳಸ್ತೀರಲ್ಲ, ಅದನ್ನು ಇಫ್ ಷರತ್ತಿನ ಒಳಗೆ ಇಡಬೇಡಿ. ಸಾಸ್‌ನ ಲ್ಯಾಗ್ ಹಿಂದಿನ ಸಾಲನ್ನು ನೋಡೋದಿಲ್ಲ, ತನ್ನನ್ನು ಹಿಂದೆ ಕರೆದಾಗ ಸಿಕ್ಕ ಬೆಲೆಯನ್ನು ಕೊಡುತ್ತೆ. ಇಫ್ ಒಳಗಿದ್ದರೆ ಯಾರದೋ ತಾಯಿಯ ತಾರೀಖು ಬಂದು ಕೂರುತ್ತೆ, ಎರರ್ ಕೂಡ ಬರೋದಿಲ್ಲ. ಮೊದಲು ಎಲ್ಲ ಸಾಲಿಗೂ ಲ್ಯಾಗ್ ತೆಗೆದು, ಆಮೇಲೆ ಫಸ್ಟ್-ಡಾಟ್ ಇರುವಲ್ಲಿ ಅಳಿಸಿ. ಆರ್‌ನಲ್ಲಾದರೆ ಸಾಲು ಜೋಡಿಸುವ ಅರೇಂಜ್ ಗುಂಪನ್ನು ಲೆಕ್ಕಕ್ಕೆ ತಗೊಳ್ಳೋದಿಲ್ಲ, ಹಾಗಾಗಿ ಅಲ್ಲೂ ತಾಯಿ ನಂಬರು ಮತ್ತು ತಾರೀಖು ಎರಡನ್ನೂ ಕೊಡಿ.

ಈಗ ಅಂತರಗಳನ್ನು ನೋಡಿ. ಸೊನ್ನೆ ಅಥವಾ ಒಂದು ದಿನ ಇದ್ದರೆ ಅವಳಿ ಇರಬಹುದು, ಮಧ್ಯರಾತ್ರಿ ದಾಟಿದರೆ ತಾರೀಖು ಬದಲಾಗುತ್ತಲ್ಲ. ಲಿಂಗ, ತೂಕ, ಗಳಿಗೆ ಎಲ್ಲವೂ ಒಂದೇ ಆಗಿದ್ದರೆ ಅದು ಎರಡು ಸಲ ಟೈಪಾದ ಸಾಲು. ಕೆಲವು ದಿನದಿಂದ ಆರು ತಿಂಗಳ ನಡುವಿನ ಅಂತರ ಬಂದರೆ ಬಹುಮಟ್ಟಿಗೆ ನಿಮ್ಮ ಜೋಡಣೆಯೇ ತಪ್ಪಿದೆ.

ಸದಸ್ಯ (ಮುಂಬೈ, ಚೆಂಬೂರು):
ನಡುವೆ ಬಾಯಿ ಹಾಕ್ತೀನಿ. ನಾನು ಎನ್‌ಎಫ್‌ಎಚ್‌ಎಸ್-5, ಅಂದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಡೇಟಾ ಬಳಸ್ತೀನಿ, ಇಲ್ಲೇ ದೇವನಾರದ ಜನಸಂಖ್ಯಾ ಅಧ್ಯಯನ ಸಂಸ್ಥೆ ಐಐಪಿಎಸ್ ನಡೆಸಿದ್ದು. ಅಲ್ಲಿ ಹೆಂಗಸಿಗೊಂದು ನಂಬರು ಮೊದಲೇ ಇರೋದ್ರಿಂದ ಈ ತಲೆನೋವಿಲ್ಲ. ತಾರೀಖನ್ನು 1900ರ ಜನವರಿಯನ್ನು 1 ಅಂತ ಹಿಡಿದು ತಿಂಗಳಲ್ಲಿ ಎಣಿಸಿರ್ತಾರೆ. ಅವಳಿಗಳನ್ನು ಒಂದೇ ಹೆರಿಗೆ ಅಂತ ಲೆಕ್ಕ ಹಾಕಿ, ಇಬ್ಬರಿಗೂ ಹಿಂದಿನ ಹೆರಿಗೆಯಿಂದಲೇ ಅಂತರ ಕೊಡ್ತಾರೆ. ನೀವೂ ಎರಡನೇ ಅವಳಿಗೆ ಸೊನ್ನೆ ಕೊಡಬೇಡಿ ಮೇಡಂ.

ಉತ್ತರ:
ಸರಿಯಾಗಿ ಹೇಳಿದಿರಿ. ಇದಕ್ಕಿಂತ ದೊಡ್ಡ ಗುಂಡಿ ಒಂದಿದೆ. ಚೊಚ್ಚಲ ಬಾಣಂತನ ತವರಲ್ಲಿ. ನಿಮ್ಮ ಪಟ್ಟಿಯಲ್ಲಿರುವ ಹಡಪ್ಸರದ ಸೊಸೆ ಮೊದಲ ಕೂಸನ್ನು ಸೋಲಾಪುರದಲ್ಲೋ ಕಲಬುರಗಿಯಲ್ಲೋ ಹೆತ್ತಿರ್ತಾಳೆ, ಆ ದಾಖಲೆ ನಿಮ್ಮ ಎಕ್ಸೆಲ್‌ಗೆ ಬರೋದೇ ಇಲ್ಲ. ನಿಮ್ಮ ಎಣಿಕೆಯಲ್ಲಿ 1 ಅಂತ ಬಂದದ್ದು ಆಕೆಯ ಎರಡನೇ ಕೂಸಿರಬಹುದು. ಜನನ ವರದಿ ನಮೂನೆಯ ಅಂಕಿಅಂಶ ಭಾಗದಲ್ಲಿ, ಇದೂ ಸೇರಿ ಈವರೆಗೆ ಜೀವಂತವಾಗಿ ಹುಟ್ಟಿದ ಮಕ್ಕಳೆಷ್ಟು ಅಂತ ಕೇಳಿರ್ತಾರೆ. ಆಸ್ಪತ್ರೆಗಳ ಹತ್ತಿರ ಆ ಕಾಲಂ ಕೇಳಿ ತರಿಸಿಕೊಳ್ಳಿ. ಅದರಲ್ಲಿ 2 ಇದ್ದು ನಿಮ್ಮ ಎಣಿಕೆ 1 ಇದ್ದರೆ ಅಂತರ ಗೊತ್ತಿಲ್ಲ ಅಂತ ಬರೀರಿ, ಚೊಚ್ಚಲು ಅಂತಲ್ಲ. 1 ಆದ ಮೇಲೆ ನೇರ 3 ಬಂದಿದ್ದರೆ ನಡುವಿನ ಕೂಸು ಬೇರೆಲ್ಲೋ ಹುಟ್ಟಿದೆ, ಆ ಅಂತರವನ್ನೂ ಬಿಡಬೇಕು.

ಮಗುವಿನ ಹೆಸರು ಖಾಲಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹೆಸರಿಲ್ಲದೆ ನೋಂದಾಯಿಸಿ ಆಮೇಲೆ ಸೇರಿಸೋಕೆ ಕಾನೂನಿನಲ್ಲೇ ಅವಕಾಶವಿದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ 24 ತಿಂಗಳ ಕನಿಷ್ಠ ಅಂತರ ಹೆರಿಗೆಯಿಂದ ಮುಂದಿನ ಗರ್ಭಧಾರಣೆಗೆ. ನಿಮ್ಮದು ಹೆರಿಗೆಯಿಂದ ಹೆರಿಗೆಗೆ, ಅಂದರೆ ಸುಮಾರು 33 ತಿಂಗಳು. ಮಾಡೆಲ್ ಹಾಕುವಾಗ ಒಂದೇ ತಾಯಿಯ ಮಕ್ಕಳ ತೂಕ ಒಂದಕ್ಕೊಂದು ಹೋಲುತ್ತೆ, ಆದ್ದರಿಂದ ಸಾಸ್‌ನ ಪ್ರಾಕ್ ಮಿಕ್ಸ್ಡ್‌ನಲ್ಲಿ ತಾಯಿ ನಂಬರನ್ನು ರ‍್ಯಾಂಡಮ್ ಎಫೆಕ್ಟ್ ಆಗಿ, ಅಂದರೆ ತಾಯಿಯಿಂದ ತಾಯಿಗೆ ಬದಲಾಗುವ ಭಾಗವಾಗಿ, ಕೊಡಿ.

ಪ್ರಶ್ನೆ (ಅವರೇ):
ಭಾಳ ಉಪಕಾರ ಆತ್ರಿ ಸರ. ಕಡೀ ಮಾತು, ಮೊಬೈಲ್ ನಂಬರ್ ಹ್ಯಾಶ್ ಮಾಡಿ, ಅಂದ್ರ ಗುರುತು ಸಿಗದ ಸಂಕೇತಕ್ಕ ತಿರುಗಿಸಿ, ಇಟ್ಕೊಂಡ್ರ ಗೌಪ್ಯತೆಗೆ ಸಾಕಲ್ರಿ?

ಉತ್ತರ:
ಬರೀ ಹ್ಯಾಶ್ ಸಾಲದು. ಹತ್ತು ಅಂಕಿಯ ನಂಬರುಗಳನ್ನೆಲ್ಲ ಒಂದೊಂದಾಗಿ ಹ್ಯಾಶ್ ಮಾಡಿ ಹೊಂದಿಸಿ ನೋಡೋದು ಕಂಪ್ಯೂಟರಿಗೆ ದೊಡ್ಡ ಕೆಲಸವಲ್ಲ. ಒಂದು ಗುಟ್ಟಿನ ಕೀ ಸೇರಿಸಿ ಹ್ಯಾಶ್ ಮಾಡಿ, ಆ ಕೀ ನಿಮ್ಮ ಹತ್ತಿರ ಬೇಡ, ಪ್ರಾಜೆಕ್ಟಿನ ಬೇರೊಬ್ಬರ ಹತ್ತಿರ ಇರಲಿ. ಜೋಡಣೆ ಮುಗಿದ ಮೇಲೆ ಹೆಸರು, ಮೊಬೈಲ್ ಇರುವ ಫೈಲು ಬೇರೆ, ತಾಯಿ ನಂಬರು ಮತ್ತು ತೂಕ ಇರುವ ಫೈಲು ಬೇರೆ. ಅನಾಲಿಸಿಸ್‌ಗೆ ಎರಡನೇದು ಮಾತ್ರ ತೆರೀರಿ. ಅಂದಹಾಗೆ ಈ ಗ್ರೂಪಿನಲ್ಲಿ ಡೇಟಾದ ಸ್ಕ್ರೀನ್‌ಶಾಟ್ ಹಾಕಬೇಡಿ. ಕೋಡು ಎಲ್ಲಾದರೂ ಸಿಕ್ಕಿಕೊಂಡರೆ ನಾಲ್ಕು ಸುಳ್ಳು ಹೆಸರು ಬರೆದು ಕಳಿಸಿ, ನೋಡೋಣ.