ಅಕ್ರಾ ನಗರದ ಎರಡು ಪ್ರತಿಮೆಗಳು: ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ವಾರಾಂತ್ಯದ ರಜೆಯಲ್ಲಿ ಗೆಳೆಯರೊಡನೆ ನೈಜೀರಿಯಾದ ಲಾಗೋಸ್‌ನಿಂದ ಘಾನಾದ ರಾಜಧಾನಿ ಅಕ್ರಾಕ್ಕೆ ಹೋಗಿಬಂದ ಫೋಟೋಗಳನ್ನು ನಾನು ಮನೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಸ್ವಲ್ಪ ಹೊತ್ತಿಗೆ ಬೆಳಗಾವಿಯ ಕಾಕಾ ಅವರು ಒಂದು ಫಾರ್ವರ್ಡ್ ಸಂದೇಶವನ್ನು ಹಂಚಿಕೊಂಡರು. ಘಾನಾದ ಜನ ಗುಂಪುಗೂಡಿ ಗಾಂಧೀಜಿಯವರ ಪ್ರತಿಮೆಯನ್ನು ಒಡೆದುಹಾಕಿದರೆಂದೂ, ಸ್ವಾಭಿಮಾನವುಳ್ಳ ಭಾರತೀಯರು ಆ ದೇಶಕ್ಕೆ ಕಾಲಿಡಬಾರದೆಂದೂ ಅದರಲ್ಲಿ ಬರೆದಿತ್ತು.

ಕಾಕಾ: ಮಗಳೇ, ನಿನ್ನ ಫೋಟೋಗಳು ಚೆನ್ನಾಗಿವೆ, ಆದರೆ ಅವುಗಳನ್ನು ನೋಡುವಾಗ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ 1924ರಲ್ಲಿ ನಡೆದದ್ದು ನಮ್ಮ ಊರಿನಲ್ಲಿ. ಆ ಅಧಿವೇಶನಕ್ಕೆಂದು ತೋಡಿದ ಬಾವಿ ಟಿಳಕವಾಡಿಯಲ್ಲಿ ಇಂದಿಗೂ ಇದೆ, ಚಿಕ್ಕವಳಿದ್ದಾಗ ನಿನ್ನನ್ನು ಅಲ್ಲಿಗೆ ಕರೆದೊಯ್ದದ್ದೂ ನಾನೇ. ಅಂಥ ಮನೆಯವಳು ಅವರ ಪ್ರತಿಮೆಯನ್ನು ಕೆಡವಿದ ನಗರಕ್ಕೆ ಸುತ್ತಾಡಲು ಹೋಗಿ ನಗುನಗುತ್ತ ಫೋಟೋ ತೆಗೆಸಿಕೊಂಡದ್ದು ಹೇಗೆ ಎಂಬುದು ನನಗೆ ಅರ್ಥವಾಗುತ್ತಿಲ್ಲ.

ನಾನು: ಕಾಕಾ, ನಿಮ್ಮ ನೋವು ನನಗೆ ತಿಳಿಯುತ್ತದೆ, ಆದ್ದರಿಂದಲೇ ಮೊದಲು ಸಂಗತಿಯನ್ನು ಸರಿಯಾಗಿ ಹೇಳುತ್ತೇನೆ. ಆ ಪ್ರತಿಮೆಯನ್ನು ಯಾವ ಗುಂಪೂ ಬಂದು ಒಡೆಯಲಿಲ್ಲ. ಭಾರತ ಸರಕಾರ ಕೊಡುಗೆಯಾಗಿ ಕೊಟ್ಟಿದ್ದ ಅದನ್ನು 2016ರ ಜೂನ್‌ನಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಲೆಗಾನ್‌ನಲ್ಲಿರುವ ಘಾನಾ ವಿಶ್ವವಿದ್ಯಾಲಯದ ಆವರಣದಲ್ಲಿ ಅನಾವರಣ ಮಾಡಿದರು. ಅದೇ ಸೆಪ್ಟೆಂಬರ್‌ನಲ್ಲಿ ಅಲ್ಲಿಯ ಕೆಲವು ಪ್ರಾಧ್ಯಾಪಕರು, ದಕ್ಷಿಣ ಆಫ್ರಿಕದಲ್ಲಿದ್ದ ಆರಂಭದ ವರ್ಷಗಳಲ್ಲಿ ಗಾಂಧೀಜಿಯವರು ಆಫ್ರಿಕನ್ನರ ಬಗ್ಗೆ ಬರೆದ ಮಾತುಗಳನ್ನು ಎತ್ತಿ ತೋರಿಸಿ, ಪ್ರತಿಮೆಯನ್ನು ತೆಗೆಯಬೇಕೆಂದು ವಿಶ್ವವಿದ್ಯಾಲಯಕ್ಕೆ ಮನವಿ ಸಲ್ಲಿಸಿದರು. ಘಾನಾ ಸರಕಾರವೂ ಅದನ್ನು ಬೇರೆಡೆಗೆ ಸಾಗಿಸುವ ಮಾತನ್ನಾಡಿತು. ಕೊನೆಗೆ ಅದನ್ನು ತೆಗೆದದ್ದು 2018ರ ಡಿಸೆಂಬರ್‌ನಲ್ಲಿ. ಎರಡು ವರ್ಷಗಳಿಗೂ ಹೆಚ್ಚು ಕಾಲ ಮನವಿ, ಲೇಖನ, ವಾದ ಪ್ರತಿವಾದಗಳಲ್ಲಿ ನಡೆದದ್ದನ್ನು ನಿಮ್ಮ ಸಂದೇಶ ಒಂದು ದೊಂಬಿಯನ್ನಾಗಿ ಮಾಡಿದೆ.

ಅಣ್ಣ: ಕ್ರಮಬದ್ಧವಾಗಿ ಮಾಡಿದ ಮಾತ್ರಕ್ಕೆ ಕೆಲಸ ಸರಿಯಾಗುವುದಿಲ್ಲ. ಮಿತ್ರರಾಷ್ಟ್ರದ ರಾಷ್ಟ್ರಪತಿ ಬಂದು ನಿಲ್ಲಿಸಿದ ಕೊಡುಗೆಯನ್ನು ತೆಗೆಯುವುದು ಸಭ್ಯತೆಯಲ್ಲ. ಅದಲ್ಲದೆ ಗಾಂಧೀಜಿಯವರು ಇಪ್ಪತ್ತನಾಲ್ಕು, ಇಪ್ಪತ್ತೈದನೆಯ ವಯಸ್ಸಿನಲ್ಲಿದ್ದಂತೆಯೇ ಕೊನೆಯವರೆಗೂ ಇರಲಿಲ್ಲ. 1908ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಮಾತನಾಡುತ್ತ ಎಲ್ಲ ಜನಾಂಗಗಳೂ ಬೆರೆತು ಜಗತ್ತು ಹಿಂದೆಂದೂ ಕಾಣದ ನಾಗರಿಕತೆಯೊಂದು ಹುಟ್ಟಬಾರದೇಕೆ ಎಂದು ಕೇಳಿದವರು ಅವರೇ. 1936ರಲ್ಲಿ ಅಮೆರಿಕದ ಕಪ್ಪು ಜನಾಂಗದ ಧರ್ಮಬೋಧಕ ಹೊವರ್ಡ್ ಥರ್ಮನ್ ಅವರು ಬಾರ್ಡೋಲಿಗೆ ಬಂದಾಗ, ಅಹಿಂಸೆಯ ಅಪ್ಪಟ ಸಂದೇಶ ಜಗತ್ತಿಗೆ ತಲುಪುವುದು ಬಹುಶಃ ನಿಮ್ಮ ಜನರ ಮೂಲಕವೇ ಇರಬಹುದು ಎಂದೂ ಹೇಳಿದ್ದರು. ಬೆಳೆದು ಬದಲಾದ ಮನುಷ್ಯನನ್ನು ಅವನ ಆರಂಭದ ಮಾತಿಗೆ ಕಟ್ಟಿಹಾಕುವುದು ನ್ಯಾಯವೇ?

ವೈನಿ: ಅವರು ಬದಲಾದರು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಆರಂಭದ ಮಾತುಗಳು ಶತ್ರುಗಳು ಕಟ್ಟಿದ ಕಥೆಯಲ್ಲ. ನಮ್ಮ ಸರಕಾರವೇ ಪ್ರಕಟಿಸಿದ ಸಮಗ್ರ ಬರಹಗಳ ಸಂಪುಟಗಳಲ್ಲಿ ಅವು ಅಚ್ಚಾಗಿವೆ. ದಕ್ಷಿಣ ಆಫ್ರಿಕದ ನೇಟಾಲ್‌ನ ಭಾರತೀಯರನ್ನು ಆಫ್ರಿಕದ ಮೂಲನಿವಾಸಿಗಳ ಮಟ್ಟಕ್ಕೆ ಇಳಿಸುತ್ತಿದ್ದಾರೆ ಎಂಬುದೇ ಆಗ ಅವರ ದೂರಾಗಿತ್ತು, ಆ ದೂರಿನಲ್ಲಿ ಬಳಸಿದ ಪದಗಳು ಇಂದು ಓದಿದರೆ ಕಣ್ಣು ತಗ್ಗಿಸುವಂತಿವೆ. ನಮ್ಮನ್ನು ಕುರಿತು ಅಂಥ ಪದ ಬಳಸಿದವರ ಪ್ರತಿಮೆಯನ್ನು ಧಾರವಾಡದ ವಿಶ್ವವಿದ್ಯಾಲಯದ ಅಂಗಳದಲ್ಲಿ ಬೇರೆ ದೇಶದವರು ತಂದು ನಿಲ್ಲಿಸಿದ್ದರೆ, ಆತ ಮುಂದೆ ಬದಲಾದ ಎಂಬ ಸಮಾಧಾನ ನಮಗೆ ಸಾಕಾಗುತ್ತಿತ್ತೇ?

ಅತ್ತಿ: ವಾದ ಇರಲಿ. ಅಲ್ಲಿಯ ಜನ ಭಾರತೀಯರೆಂದು ನಿಮ್ಮನ್ನು ಕೆಟ್ಟದಾಗಿ ನಡೆಸಿಕೊಂಡರೇ? ನನಗೆ ಮೊದಲು ಅದನ್ನು ಹೇಳು.

ನಾನು: ಇಲ್ಲ ಅತ್ತಿ, ಎಲ್ಲಿಯೂ ಅಂಥ ಅನುಭವ ಆಗಲಿಲ್ಲ. ಬೆಳಿಗ್ಗೆ ರಸ್ತೆಬದಿಯಲ್ಲಿ ವಾಚೆ ತಿಂದೆವು. ಅಕ್ಕಿಗೆ ಅಲಸಂದೆ ಕಾಳು ಸೇರಿಸಿ, ಜೋಳದ ಎಲೆಗಳನ್ನು ಹಾಕಿ ಕೆಂಪಗೆ ಬೇಯಿಸಿದ ಅನ್ನ ಅದು. ನಮ್ಮ ಊರಿನಲ್ಲೂ ಜೋಳ ಬೆಳೆಯುತ್ತಾರೆ ಎಂದು ಹೇಳಿದಾಗ ಬಡಿಸುತ್ತಿದ್ದವರು ಇನ್ನಷ್ಟು ಹಾಕಿಕೊಟ್ಟರು. ಭಾರತೀಯರು ಅವರಿಗೆ ಹೊಸಬರೂ ಅಲ್ಲ. ಸಿಂಧಿ ವ್ಯಾಪಾರಿಗಳು ಬ್ರಿಟಿಷರ ಕಾಲದಿಂದಲೂ ಅಲ್ಲಿದ್ದಾರೆ. ಅಷ್ಟೇ ಅಲ್ಲ, ಅಕ್ರಾದಲ್ಲಿ ಒಂದು ಹಿಂದೂ ಮಠವೂ ಇದೆ. ಅದನ್ನು ಕಟ್ಟಿದ ಸ್ವಾಮಿ ಘನಾನಂದ ಸರಸ್ವತಿಯವರು ಘಾನಾದವರೇ.

ಕಾಕಾ, ನಿಮಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ನಾನು ಹಾಕಿದ ಮೂರನೆಯ ಫೋಟೋದ ಬಗ್ಗೆ. ಅದರಲ್ಲಿ ತಲೆಯಿಲ್ಲದ, ತೋಳು ಮುರಿದ ಒಂದು ಪ್ರತಿಮೆ ಕಾಣುತ್ತದೆ, ಪಕ್ಕದಲ್ಲಿ ಬೇರೊಂದು ಪೀಠದ ಮೇಲೆ ಅದರ ತಲೆ ಇದೆ. ಅದು ಘಾನಾದ ಮೊದಲ ನಾಯಕ ಕ್ವಾಮೆ ಎನ್‌ಕ್ರೂಮಾ ಅವರ ಪ್ರತಿಮೆ. 1966ರ ಫೆಬ್ರವರಿಯಲ್ಲಿ ಸೈನ್ಯ ಅವರನ್ನು ಅಧಿಕಾರದಿಂದ ಇಳಿಸಿದಾಗ ಕೆಡವಿದ್ದು ಅದನ್ನು. ಎನ್‌ಕ್ರೂಮಾ ಮತ್ತೆಂದೂ ಜೀವಂತವಾಗಿ ತಾಯ್ನಾಡಿಗೆ ಮರಳಲಿಲ್ಲ, 1972ರಲ್ಲಿ ಬುಕಾರೆಸ್ಟ್‌ನಲ್ಲಿ ತೀರಿಕೊಂಡರು. 1957ರ ಮಾರ್ಚ್ 6ಕ್ಕೆ ಕಾಲಿಡುವ ಮಧ್ಯರಾತ್ರಿ ಅವರು ಸ್ವಾತಂತ್ರ್ಯ ಘೋಷಿಸಿದ ಹಳೆಯ ಪೋಲೊ ಮೈದಾನದಲ್ಲೇ 1992ರಲ್ಲಿ ಅವರ ಸಮಾಧಿಯನ್ನು ಕಟ್ಟಿದರು, ಅದೇ ಉದ್ಯಾನದಲ್ಲಿ ಆ ಮುರಿದ ಪ್ರತಿಮೆಯನ್ನೂ ದುರಸ್ತಿ ಮಾಡದೆ ಇಟ್ಟಿದ್ದಾರೆ. ಸ್ವಂತ ರಾಷ್ಟ್ರಪಿತನ ವಿಷಯದಲ್ಲೇ ಇಷ್ಟು ಕಠಿಣವಾಗಿ ಜಗಳವಾಡಿ, ಆ ಜಗಳದ ಗುರುತನ್ನೂ ಬಚ್ಚಿಡದ ಜನ, ನಮ್ಮ ರಾಷ್ಟ್ರಪಿತನ ಬಗ್ಗೆ ಪ್ರಶ್ನೆ ಕೇಳಿದ್ದನ್ನು ಭಾರತದ್ವೇಷ ಎಂದು ಕರೆಯುವುದು ನನ್ನಿಂದ ಸಾಧ್ಯವಿಲ್ಲ.

ಕಾಕಾ: ದೊಂಬಿಯ ಮಾತು ಸುಳ್ಳೆಂದು ಒಪ್ಪಿದೆ. ಆದರೆ ನಿನ್ನ ಮಾತಿನಿಂದಲೇ ನನ್ನ ವಾದಕ್ಕೆ ಬಲ ಬರುತ್ತದೆ. ಎನ್‌ಕ್ರೂಮಾ ಅವರು ಗಾಂಧೀಜಿಯವರನ್ನು ಗುರುವಿನಂತೆ ಕಂಡವರೆಂದು ನಾನು ಓದಿದ್ದೇನೆ. ಯಾರ ದಾರಿಯಲ್ಲಿ ನಡೆದು ಸ್ವಾತಂತ್ರ್ಯ ಪಡೆದರೋ ಅವರಿಗೇ ಆ ನೆಲದಲ್ಲಿ ಜಾಗವಿಲ್ಲವೆಂದರೆ ಅದನ್ನು ಕೃತಘ್ನತೆ ಎನ್ನದೆ ಏನೆನ್ನಲಿ?

ನಾನು: ಆ ಋಣ ಇರುವುದು ನಿಜ, ಎನ್‌ಕ್ರೂಮಾ ಅದನ್ನು ಆತ್ಮಚರಿತ್ರೆಯಲ್ಲಿ ತಾವೇ ಬರೆದಿದ್ದಾರೆ. ಅಹಿಂಸೆಯಿಂದ ಸಾಮ್ರಾಜ್ಯವನ್ನು ಎದುರಿಸುವುದು ಹೇಗೆಂದು ಅವರಿಗೆ ಮೊದಲು ಅರ್ಥವಾಗಿರಲಿಲ್ಲವಂತೆ; ಗಾಂಧೀಜಿಯವರ ನೀತಿಯನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮೇಲೆ, ಬಲವಾದ ಸಂಘಟನೆಯ ಬೆಂಬಲವಿದ್ದರೆ ಇದು ಸಾಧ್ಯ ಎಂದು ಮನಗಂಡರಂತೆ. 1950ರ ಜನವರಿಯಲ್ಲಿ ಅವರು ಆರಂಭಿಸಿದ ಮುಷ್ಕರ, ಬಹಿಷ್ಕಾರ, ಅಸಹಕಾರದ ಚಳವಳಿಗಾಗಿ ಬ್ರಿಟಿಷರು ಅವರನ್ನು ಹಿಡಿದು ಜೇಮ್ಸ್ ಕೋಟೆಯ ಜೈಲಿಗೆ ಹಾಕಿದರು. ಮರುವರ್ಷ ಜೈಲಿನಿಂದಲೇ ಚುನಾವಣೆ ಗೆದ್ದು ಹೊರಬಂದರು. ಆ ಕೋಟೆ ಜೇಮ್ಸ್‌ಟೌನ್‌ನಲ್ಲಿ ಸಮುದ್ರದ ದಡದಲ್ಲಿದೆ, ಶನಿವಾರ ನಾವು ಅದರ ಮುಂದೆ ನಿಂತಿದ್ದೆವು. ಹಾಗಾಗಿ ಗಾಂಧೀಜಿಯವರ ಪ್ರಭಾವ ಆ ನಗರದ ಚರಿತ್ರೆಯೊಳಗೇ ಇದೆ, ಪ್ರತಿಮೆ ತೆಗೆದರೆಂದು ಅದು ಅಳಿಯುವುದಿಲ್ಲ.

ಆದರೆ ಅವರು ಸ್ವಾತಂತ್ರ್ಯ ಪಡೆದದ್ದು ಆ ಒಂದು ಪಾಠದಿಂದಲೇ ಎನ್ನುವುದು ತಪ್ಪು. 1948ರ ಫೆಬ್ರವರಿ 28ರಂದು, ಅಂದರೆ ಗಾಂಧೀಜಿಯವರು ಹತರಾಗಿ ಒಂದು ತಿಂಗಳು ಕಳೆಯುವುದರೊಳಗೆ, ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಕಾದಿದ್ದ ಮಾಜಿ ಸೈನಿಕರು ತಮಗೆ ಕೊಡಬೇಕಾದ ಪಿಂಚಣಿಯನ್ನು ಕೇಳುವ ಮನವಿ ಹಿಡಿದು ಗವರ್ನರ್ ವಾಸವಿದ್ದ ಕ್ರಿಶ್ಚಿಯನ್ಸ್‌ಬರ್ಗ್ ಕೋಟೆಯತ್ತ ಹೊರಟಿದ್ದರು. ನಿಶ್ಶಸ್ತ್ರರಾಗಿದ್ದ ಅವರ ಮೇಲೆ ಪೊಲೀಸ್ ಅಧಿಕಾರಿ ಗುಂಡು ಹಾರಿಸಿದಾಗ ಸಾರ್ಜೆಂಟ್ ಅಜೆಟೆ, ಕಾರ್ಪೊರಲ್ ಅಟಿಪೊ, ಪ್ರೈವೇಟ್ ಒಡಾರ್ಟೆ ಲ್ಯಾಂಪ್ಟಿ ಸತ್ತರು. ಆ ಸಾವುಗಳು ಹೊತ್ತಿಸಿದ ಕಿಚ್ಚಿನಿಂದಲೇ ಅಲ್ಲಿಯ ಸ್ವಾತಂತ್ರ್ಯ ಹೋರಾಟ ತೀವ್ರವಾಯಿತು. ನಮ್ಮ ಫಾರ್ವರ್ಡ್ ಸಂದೇಶಗಳಲ್ಲಿ ಈ ಮೂವರ ಹೆಸರು ಒಮ್ಮೆಯೂ ಬಂದಿಲ್ಲ.

ಅಣ್ಣ: ಆ ಯುದ್ಧದಲ್ಲಿ ಪಶ್ಚಿಮ ಆಫ್ರಿಕದ ಎರಡು ಸೇನಾ ಡಿವಿಷನ್‌ಗಳು ಬರ್ಮಾದ ಅರಾಕಾನ್ ಕಾಡುಗಳಲ್ಲಿ ಜಪಾನಿಯರ ವಿರುದ್ಧ ಕಾದಿದ್ದವು, ಅವು ಯುದ್ಧಕ್ಕೆ ಇಳಿದದ್ದೇ ಭಾರತದ ನೆಲದಿಂದ. ಅಂದರೆ ಅವರ ಹುಡುಗರೂ ನಮ್ಮ ಹುಡುಗರೂ ಒಂದೇ ರಣರಂಗದಲ್ಲಿ, ಒಂದೇ ಸಾಮ್ರಾಜ್ಯಕ್ಕಾಗಿ ರಕ್ತ ಸುರಿಸಿದವರು. ಇದನ್ನು ನೆನೆದರೆ ಕೊಡುಗೆ, ಋಣ ಎಂಬ ಲೆಕ್ಕ ಒಂದೇ ಕಡೆಯಿಂದ ಹರಿಯುವುದಿಲ್ಲ ಎಂಬುದನ್ನು ನಾನೂ ಒಪ್ಪಬೇಕಾಗುತ್ತದೆ.

ಕಾಕಾ: ಸರಿ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಎನ್‌ಕ್ರೂಮಾ ಅವರ ಮುರಿದ ಪ್ರತಿಮೆಯನ್ನು ಚರಿತ್ರೆಯ ಸಾಕ್ಷಿಯೆಂದು ಉಳಿಸಿಕೊಂಡವರು ಗಾಂಧೀಜಿಯವರ ಪ್ರತಿಮೆಯನ್ನೂ ಹಾಗೆಯೇ ಇಟ್ಟು, ಅವರು ಆರಂಭದಲ್ಲಿ ಬರೆದದ್ದನ್ನೂ ಮುಂದೆ ನುಡಿದದ್ದನ್ನೂ ಪಕ್ಕದ ಫಲಕದಲ್ಲಿ ಕೆತ್ತಿಸಬಹುದಿತ್ತಲ್ಲವೇ? ವಿದ್ಯಾರ್ಥಿಗಳು ಎರಡನ್ನೂ ಓದಿ ತಾವೇ ತೀರ್ಮಾನಿಸುತ್ತಿದ್ದರು.

ನಾನು: ಹಾಗೆ ಮಾಡಿದ್ದರೆ ನನಗೂ ಸಂತೋಷವಾಗುತ್ತಿತ್ತು. ಆದರೆ ಎನ್‌ಕ್ರೂಮಾ ಅವರವರೇ, ಅವರ ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೊತ್ತುಕೊಂಡು ಹೋಗುವ ಹೊಣೆ ಆ ದೇಶದ್ದು. ಗಾಂಧೀಜಿಯವರ ಬದುಕಿನ ಎರಡು ಭಾಗಗಳನ್ನೂ ಹೊತ್ತುಕೊಳ್ಳುವ ಹೊಣೆ ಮೊದಲು ನಮ್ಮದು. ಆ ಮನವಿಯಲ್ಲಿ ಇನ್ನೊಂದು ಮಾತೂ ಇತ್ತು: ತಮ್ಮ ಆವರಣದಲ್ಲಿ ಆಫ್ರಿಕದ ಒಬ್ಬ ವೀರನ, ವೀರಮಹಿಳೆಯ ಪ್ರತಿಮೆಯೂ ಇಲ್ಲದಿರುವಾಗ ಹೊರಗಿನವರ ಪ್ರತಿಮೆ ಏಕೆ ಎಂದು ಪ್ರಾಧ್ಯಾಪಕರು ಕೇಳಿದ್ದರು. ತಮ್ಮ ಮಕ್ಕಳು ದಿನವೂ ಯಾರ ಮುಖ ನೋಡಿ ತರಗತಿಗೆ ಹೋಗಬೇಕೆಂದು ನಿರ್ಧರಿಸುವ ಹಕ್ಕು ಆ ವಿಶ್ವವಿದ್ಯಾಲಯಕ್ಕೆ ಇದೆ, ಈ ಮಾತಿನಲ್ಲಿ ನಾನು ನಿಮಗೆ ಮಣಿಯಲಾರೆ.

ಕಾಕಾ: ನೀನು ಮಣಿಯಬೇಕಾಗಿಲ್ಲ, ನಾನೂ ಮಣಿಯುವುದಿಲ್ಲ, ಫಲಕ ಇಟ್ಟು ಪ್ರತಿಮೆಯನ್ನು ಉಳಿಸಬೇಕಿತ್ತು ಎಂಬುದೇ ನನ್ನ ಅಭಿಪ್ರಾಯ. ಆದರೆ ಆ ಸಂದೇಶ ನನಗೆ ಬಂದದ್ದು ನಮ್ಮ ನಿವೃತ್ತ ಶಿಕ್ಷಕರ ಗುಂಪಿನಿಂದ. 2016ರಲ್ಲಿ ನಿಲ್ಲಿಸಿದ್ದು, 2018ರಲ್ಲಿ ಮನವಿಯ ನಂತರ ತೆಗೆದದ್ದು, ದೊಂಬಿ ನಡೆಯದಿದ್ದುದು, ಇಷ್ಟನ್ನೂ ಬರೆದು ಈಗಲೇ ಅಲ್ಲಿಗೆ ಹಾಕುತ್ತೇನೆ.

ವೈನಿ: ಕಾಕಾ, ಕಾಲಿಡಬಾರದು ಎಂಬ ಸಾಲು ತಪ್ಪೆಂದೂ ಅದರಲ್ಲಿ ಸೇರಿಸಿ.

ಕಾಕಾ: ಸೇರಿಸಿದೆ.

ನಾನು: ಆ ಮೂವರು ಸೈನಿಕರ ಹೆಸರುಗಳನ್ನೂ ಬರೆಯಿರಿ ಕಾಕಾ, ನಿಮ್ಮ ಗುಂಪಿನಲ್ಲಿ ಚರಿತ್ರೆ ಕಲಿಸಿದವರು ಬಹಳ ಜನರಿದ್ದಾರೆ.