ಮಗುವಿನ ಮಂಡಿ ಊತಕ್ಕೆ ತಿಂಗಳುಗಟ್ಟಲೆ ನೋವಿನ ಮಾತ್ರೆ: ಕೊಟ್ಟವರು ಏನು ಕಂಡಿರಿ?

ಮಂಡ್ಯದ ತಾಯಿ ಕೇಳಿದ್ದು:
ಮಗಳಿಗೆ ಆರು ವರ್ಷ, ತೂಕ 18 ಕೆಜಿ. ಎಡ ಮಂಡಿ ಊದಿಕೊಂಡು ಬಹಳ ದಿನವಾಯಿತು. ಬೆಳಿಗ್ಗೆ ಎದ್ದ ತಕ್ಷಣ ಕುಂಟುತ್ತಾಳೆ, ಹತ್ತು ಗಂಟೆಯ ಹೊತ್ತಿಗೆ ಏನೂ ಆಗಿಲ್ಲ ಅನ್ನುವ ಹಾಗೆ ಓಡಾಡುತ್ತಾಳೆ. ಮೈಸೂರಿನಲ್ಲಿ ತೋರಿಸಿದಾಗ ಮಕ್ಕಳ ಕೀಲುವಾತ, ಜೆಐಎ ಅಂದರು. ನ್ಯಾಪ್ರೋಕ್ಸೆನ್ ಅನ್ನುವ ನೋವಿನ ಮಾತ್ರೆ, 250 ಮಿಲಿಗ್ರಾಂನದು, ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ. ಮುಂದಿನ ಸಲ ಬರುವವರೆಗೂ ನಿಲ್ಲಿಸಬೇಡಿ ಅಂದಿದ್ದಾರೆ. ನಮ್ಮತ್ತೆ "ಕೂಸಿನ ಕಿಡ್ನಿ ಹೋಗುತ್ತೆ" ಅಂತ ದಿನಾ ಹೇಳುತ್ತಾರೆ. ಮೆಡಿಕಲ್ ಸ್ಟೋರಿನವರೂ "ಇಷ್ಟು ದಿನಕ್ಕಾ?" ಅಂತ ಹುಬ್ಬೇರಿಸಿದರು. ನಮ್ಮನೆಯವರು ಈ ಮಾತ್ರೆಯಿಂದ ಹಾರ್ಟ್ ಅಟ್ಯಾಕ್ ಆಗುತ್ತೆ ಅಂತ ಎಲ್ಲೋ ಓದಿದ್ದಾರೆ. ನಿಮ್ಮ ಮಕ್ಕಳಿಗೆ ಕೊಟ್ಟಿದ್ದರೆ ದಯವಿಟ್ಟು ಹೇಳಿ.

ಕುವೆಂಪುನಗರ, ಮೈಸೂರು:
ನಮ್ಮ ಮಗನಿಗೆ ನಾಲ್ಕು ವರ್ಷಕ್ಕೇ ಶುರುವಾಯಿತು, ಈಗ ಹೈಸ್ಕೂಲು. ನೀವು ಬರೆದಿರುವ ಮಾತ್ರೆಯನ್ನೇ ಅವನು ತುಂಬಾ ದಿನ ತಿಂದಿದ್ದಾನೆ. ಕಿಡ್ನಿ ಚೆನ್ನಾಗಿದೆ.

ಅತ್ತೆಯ ಭಯ ಸುಳ್ಳೇನಲ್ಲ. ನಮ್ಮ ಕಡೆ ಕಿಡ್ನಿ ಹಾಳಾದ ಕಥೆ ಯಾರದು ಅಂತ ಕೇಳಿ ನೋಡಿ. ಬಿಪಿ, ಶುಗರ್ ಇದ್ದು, ಮಂಡಿ ನೋವಿಗೆ ಅಂಗಡಿಯಿಂದ ತಾವೇ ಮಾತ್ರೆ ತಂದು ವರ್ಷಗಟ್ಟಲೆ ನುಂಗಿದ ಹಿರಿಯರು. ಯಾರೂ ರಕ್ತ ಪರೀಕ್ಷೆ ಮಾಡಿಸಿದವರಲ್ಲ. ನಿಮ್ಮ ಮಗಳ ವಿಷಯ ಬೇರೆ. ನ್ಯಾಪ್ರೋಕ್ಸೆನ್ ಅನ್ನು ಮಕ್ಕಳಿಗೆ ದಿನಕ್ಕೆ, ಪ್ರತಿ ಕೆಜಿ ತೂಕಕ್ಕೆ ಸುಮಾರು 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ ಎರಡು ಭಾಗ ಮಾಡಿ ಬರೆಯುತ್ತಾರೆ. 18 ಕೆಜಿಗೆ 250 ಅಂದರೆ ಆ ಲೆಕ್ಕದೊಳಗೇ ಇದೆ.

ಹಾರ್ಟಿನ ವಿಷಯ. 2004ರಲ್ಲಿ ವಯಾಕ್ಸ್ ಅನ್ನುವ ನೋವಿನ ಮಾತ್ರೆಯನ್ನು ಇದೇ ಕಾರಣಕ್ಕೆ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು. ಆಗಿನಿಂದ ಈ ಜಾತಿಯ ಎಲ್ಲ ಮಾತ್ರೆಗಳ ಮೇಲೂ ಎಚ್ಚರಿಕೆ ಬರೆಯುತ್ತಾರೆ. ಆ ಎಚ್ಚರಿಕೆ ಹುಟ್ಟಿದ್ದು ದೊಡ್ಡವರ ಮೇಲಿನ ಅಧ್ಯಯನಗಳಿಂದ. ಹೃದಯದ ತೊಂದರೆ ಇಲ್ಲದ ಮಗುವಿಗೆ ಅದನ್ನು ಹಾಗೇ ಅಂಟಿಸಿ ನಿದ್ದೆ ಕೆಡಿಸಿಕೊಳ್ಳಬೇಡಿ ಅಂತ ನಮ್ಮ ಡಾಕ್ಟರು ಹೇಳಿದ್ದರು.

ನನ್ನ ಪ್ರಕಾರ ನೀವು ಕೇಳಬೇಕಾದ ಪ್ರಶ್ನೆಯೇ ಬೇರೆ. ಈ ಮಾತ್ರೆ ನೋವು, ಬಿಗಿತ ಇಳಿಸುತ್ತೆ. ಊತ ಇಳಿಯಲು ಕೆಲವು ವಾರ ಬೇಕು. ಆದರೆ ರೋಗವನ್ನು ಅದೊಂದೇ ಹಿಡಿದು ನಿಲ್ಲಿಸುವುದು ಎಲ್ಲ ಮಕ್ಕಳಲ್ಲೂ ಆಗುವುದಿಲ್ಲ. ಎರಡು ತಿಂಗಳು ಸರಿಯಾಗಿ ಕೊಟ್ಟ ಮೇಲೂ ಮಂಡಿ ಊದಿಕೊಂಡೇ ಇದ್ದರೆ ಅದೇ ಮಾತ್ರೆಯನ್ನು ಸುಮ್ನೆ ಮುಂದುವರಿಸುತ್ತಾ ಕೂರಬಾರದು. ಒಂದೇ ಮಂಡಿಯಾದರೆ ಕೀಲಿನೊಳಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ನಮ್ಮವನಿಗೆ ನಿದ್ದೆ ಬರಿಸಿ ಕೊಟ್ಟರು. ಆಮೇಲೆ ಆ ಮಂಡಿ ಎಷ್ಟೋ ಕಾಲ ಸುಮ್ಮನಿತ್ತು. ಜಾಸ್ತಿ ಕೀಲುಗಳಿಗೆ ಹರಡಿದರೆ ರೋಗವನ್ನೇ ಹತೋಟಿಗೆ ತರುವ ಮೆಥೋಟ್ರೆಕ್ಸೇಟ್ ಅನ್ನುವ ಔಷಧ. ಹಾಗಾಗಿ "ಎಷ್ಟು ದಿನ ಕೊಡಬಹುದು" ಅನ್ನುವುದರ ಜೊತೆಗೆ "ಇದರಲ್ಲಿ ಇಳಿಯದಿದ್ದರೆ ಮುಂದೇನು, ಯಾವಾಗ" ಅಂತಲೂ ಕೇಳಿ.

ಇನ್ನೊಂದು ವಿಷಯ, ಕಣ್ಣು. ಈ ಕಾಯಿಲೆಯಲ್ಲಿ ಕಣ್ಣಿನೊಳಗೆ ಉರಿಯೂತ ಬರಬಹುದು. ಕೆಂಪಾಗಲ್ಲ, ನೋಯಲ್ಲ, ಮಗು ಏನೂ ಹೇಳಲ್ಲ. ಚಿಕ್ಕ ವಯಸ್ಸಿಗೇ ಶುರುವಾದವರಿಗೆ, ಅದರಲ್ಲೂ ಎಎನ್ಎ ಅನ್ನುವ ರಕ್ತ ಪರೀಕ್ಷೆ ಪಾಸಿಟಿವ್ ಇದ್ದರೆ, ಸಾಧ್ಯತೆ ಜಾಸ್ತಿ. ಅಂಥವರಿಗೆ ಮೂರು ತಿಂಗಳಿಗೊಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಸ್ಲಿಟ್ ಲ್ಯಾಂಪ್ (ಕಣ್ಣಿನೊಳಗೆ ಬೆಳಕು ಬಿಟ್ಟು ದೊಡ್ಡದಾಗಿ ನೋಡುವ ಯಂತ್ರ) ಪರೀಕ್ಷೆ ಹೇಳುತ್ತಾರೆ. ನೋವಿನ ಮಾತ್ರೆ ತಿನ್ನುತ್ತಿದ್ದಾಳೆ ಅಂತ ಕಣ್ಣಿಗೆ ರಕ್ಷಣೆ ಇದೆ ಅಂದುಕೊಳ್ಳಬೇಡಿ.

ಮದ್ದೂರು:
ನಮ್ಮ ಹುಡುಗಿಗೆ ಕಿಡ್ನಿಗಿಂತ ಹೊಟ್ಟೆಯೇ ತೊಂದರೆ ಕೊಟ್ಟಿದ್ದು. ಸ್ಕೂಲ್ ವ್ಯಾನ್ ಬೇಗ ಬರುತ್ತೆ, ಅಷ್ಟು ಹೊತ್ತಿಗೆ ಅವಳಿಗೆ ತಿಂಡಿ ಇಳಿಯಲ್ಲ. ಅರ್ಧ ಲೋಟ ಹಾಲಿನ ಮೇಲೆ ಮಾತ್ರೆ ಹೋಗುತ್ತಿತ್ತು. ಎರಡನೇ ಪೀರಿಯಡ್ಡಿಗೆ ಹೊಟ್ಟೆ ಹಿಡಿದುಕೊಂಡು ಕೂರುತ್ತಾಳೆ ಅಂತ ಮಿಸ್ ಫೋನ್ ಮಾಡಿದರು. ಈಗ ಒಂದು ಇಡ್ಲಿಯೋ ಅರ್ಧ ರೊಟ್ಟಿಯೋ ತಿನ್ನಿಸಿ, ಆಮೇಲೆ ಮಾತ್ರೆ. ರಾತ್ರಿ ಮುದ್ದೆ ಊಟ ಆದ ಮೇಲೆ. ಹೊಟ್ಟೆನೋವು ನಿಂತಿತು. ಮಕ್ಕಳಿಗೆ ಹುಣ್ಣು, ರಕ್ತಸ್ರಾವ ದೊಡ್ಡವರಷ್ಟು ಆಗಲ್ಲ ಅಂದರು. ಆದರೂ ಮಲ ಟಾರಿನ ಹಾಗೆ ಕಪ್ಪಗಾದರೆ, ವಾಂತಿಯಲ್ಲಿ ರಕ್ತ ಕಂಡರೆ ಆವತ್ತೇ ಹೋಗಬೇಕು. ಕಬ್ಬಿಣದ ಸಿರಪ್ ಕೊಡುತ್ತಿದ್ದರೂ ಮಲ ಕಪ್ಪಗಾಗುತ್ತೆ, ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ನಾನು ಒಂದು ರಾತ್ರಿ ಅದನ್ನು ನೋಡಿಯೇ ಗಾಬರಿಬಿದ್ದು ಕಾರು ತೆಗೆದಿದ್ದೆ.

ಮೈಸೂರು, ಮೆಡಿಕಲ್ ಸ್ಟೋರಿನಲ್ಲಿ ಕೆಲಸ:
ಹುಬ್ಬೇರಿಸಿದವರ ಪರವಾಗಿ ಒಂದು ಮಾತು ಅಕ್ಕ. ಚೀಟಿಯಲ್ಲಿ ಕಾಯಿಲೆ ಬರೆದಿರಲ್ಲ, ಆರು ವರ್ಷದ ಮಗುವಿಗೆ ತಿಂಗಳ ಮಾತ್ರೆ ಅಂದರೆ ಯಾರಾದರೂ ಕೇಳುತ್ತಾರೆ. ಕೇಳಬೇಕು ಕೂಡ.

ಕೌಂಟರಿನಲ್ಲಿ ನಿಂತು ನಾನು ನೋಡುವ ಅಪಾಯ ಇದು. ಮಗುವಿಗೆ ಜ್ವರ ಬರುತ್ತೆ. ಮನೆಯವರು "ಜ್ವರದ ಸಿರಪ್ ಕೊಡಿ" ಅಂತಾರೆ. ಕೈಗೆ ಸಿಗುವುದು ಮೆಫ್ಟಾಲ್-ಪಿ, ಇಲ್ಲಾ ಐಬುಪ್ರೊಫೆನ್ ಸೇರಿದ ಸಿರಪ್. ಎರಡೂ ನ್ಯಾಪ್ರೋಕ್ಸೆನ್ ಜಾತಿಯವೇ. ಒಂದೇ ದಿನ ಎರಡೂ ಹೊಟ್ಟೆಗೆ ಹೋದರೆ ಡಬಲ್ ಆದಂತೆ. ನ್ಯಾಪ್ರೋಕ್ಸೆನ್ ನಡೆಯುತ್ತಿರುವಾಗ ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್, ಅದೂ ತೂಕದ ಲೆಕ್ಕದಲ್ಲಿ. ಬಾಟಲಿಯ ಹೆಸರು ನೋಡಬೇಡಿ, ಒಳಗೆ ಏನಿದೆ ಅನ್ನುವ ಸಾಲು ಓದಿ. ಮನೆಯಲ್ಲಿ ಹಳೆಯ ನಿಮೆಸುಲೈಡ್ ಇದ್ದರೆ ಬಿಸಾಡಿ, 12 ವರ್ಷದೊಳಗಿನವರಿಗೆ ಅದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ. ಆಸ್ಪಿರಿನ್ ಕೂಡ ಬೇಡ. ಫ್ಲೂ, ಅಮ್ಮ (ಚಿಕನ್ ಪಾಕ್ಸ್) ಬಂದಾಗ ಅದು ಮಕ್ಕಳ ಲಿವರ್, ಮೆದುಳಿಗೆ ಹೊಡೆಯಬಹುದು.

ಮಳೆಗಾಲದಲ್ಲಿ ಇನ್ನೂ ಹುಷಾರು. ಡೆಂಗ್ಯೂ ಆಗಿದ್ದರೆ ಈ ಜಾತಿಯ ಮಾತ್ರೆ ರಕ್ತಸ್ರಾವ ಜಾಸ್ತಿ ಮಾಡುತ್ತೆ. ಜೋರು ಜ್ವರ ಬಂದ ದಿನವೇ ಡಾಕ್ಟರಿಗೆ ಫೋನ್ ಮಾಡಿ, "ನ್ಯಾಪ್ರೋಕ್ಸೆನ್ ನಡೆಯುತ್ತಿದೆ, ನಿಲ್ಲಿಸಲಾ" ಅಂತ ಕೇಳಿ. ವಾಂತಿ ಭೇದಿ ಆದಾಗಲೂ ಹಾಗೇ. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ರಕ್ತ ಹರಿಸಲು ದೇಹ ಯಾವ ರಾಸಾಯನಿಕವನ್ನು ನಂಬಿರುತ್ತೋ, ಈ ಮಾತ್ರೆ ಅದನ್ನೇ ತಡೆಯುತ್ತೆ. ಹೊಟ್ಟೆಯ ಒಳಪದರವನ್ನು ಕಾಯುವುದೂ ಅದೇ ರಾಸಾಯನಿಕ. ಮಕ್ಕಳ ಕಿಡ್ನಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಇಂಥ ದಿನಗಳಲ್ಲಿ.

ಮಂಡ್ಯದ ತಾಯಿ:
ತಮ್ಮಾ, ಫ್ರಿಜ್ ಬಾಗಿಲಲ್ಲಿ ಈಗಲೂ ಮೆಫ್ಟಾಲ್ ಇದೆ. ಈಗಲೇ ತೆಗೆದಿಟ್ಟೆ. ಇನ್ನೊಂದು ಕೇಳಬೇಕಿತ್ತು. ಊರಲ್ಲಿ ಒಬ್ಬರು ಎಲೆ ಅರೆದು ಕಟ್ಟು ಹಾಕಿ, ಪುಡಿ ಕೊಡುತ್ತಾರಂತೆ. ಅದಾದರೆ ಸೈಡ್ ಎಫೆಕ್ಟ್ ಇಲ್ಲ ಅಂತ ಅತ್ತೆ ಹಠ ಹಿಡಿದಿದ್ದಾರೆ.

ಪಾಂಡವಪುರ:
ಬೇಡ ತಾಯಿ. ನಮ್ಮ ಸಂಬಂಧಿಕರ ಹುಡುಗನಿಗೆ ಮಾತ್ರೆ ಬಿಡಿಸಿ ಕಟ್ಟು ಹಾಕಿಸಿದರು. ಮಂಡಿ ಬಗ್ಗಿದ ಹಾಗೇ ಬಿಗಿದುಕೊಂಡಿತು, ಕಾಲು ಪೂರ್ತಿ ಚಾಚಿ ಮಲಗಲು ಆಗುತ್ತಿರಲಿಲ್ಲ. ಊತ ಇದ್ದ ಕಾಲು ಇನ್ನೊಂದಕ್ಕಿಂತ ಉದ್ದ ಬೆಳೆದಿದೆ ಅಂತ ಆಮೇಲೆ ಅಳೆದು ತೋರಿಸಿದರು. ಊದಿದ ಕೀಲಿಗೆ ರಕ್ತ ಜಾಸ್ತಿ ಹರಿದು ಮೂಳೆ ಬೇಗ ಬೆಳೆಯುತ್ತಂತೆ. ಫಿಸಿಯೋಥೆರಪಿಗೆ ಅಲೆದದ್ದು ಅಷ್ಟಿಷ್ಟಲ್ಲ. ಪುಡಿಯಲ್ಲಿ ಏನಿದೆ ಅಂತ ಕೊಡುವವರು ಹೇಳಲ್ಲ. ಸ್ಟೆರಾಯ್ಡ್ ಬೆರೆಸಿದ್ದರೆ ಎರಡು ದಿನಕ್ಕೆ ಪವಾಡದ ಹಾಗೆ ನೋವು ಹೋಗುತ್ತೆ, ನಂಬಿಕೆಯೂ ಬಂದುಬಿಡುತ್ತೆ. ಅತ್ತೆಗೆ ಹೊರಗೆ ಹಚ್ಚುವ ಎಣ್ಣೆ, ಬಿಸಿನೀರಿನ ಕಾವು ಬಿಟ್ಟುಕೊಡಿ. ಬೆಳಗಿನ ಬಿಗಿತಕ್ಕೆ ಬಿಸಿನೀರು ನಿಜವಾಗಲೂ ಒಳ್ಳೆಯದು. ಅವರಿಗೂ ಸಮಾಧಾನ.

ಮೈಸೂರು, ಡಿಗ್ರಿ ವಿದ್ಯಾರ್ಥಿನಿ:
ಅಕ್ಕ, ನಾನು ಆ ಕಾಯಿಲೆಯ ಮಗುವೇ. ಎಂಟು ವರ್ಷಕ್ಕೆ ಶುರು. ಮೊದಲು ಒಂದು ಕ್ಲಿನಿಕ್ಕಿನಲ್ಲಿ ಎಎಸ್ಒ ಅನ್ನುವ ರಕ್ತ ಪರೀಕ್ಷೆಯಲ್ಲಿ ಜಾಸ್ತಿ ಬಂದಿದೆ ಅಂತ ರುಮ್ಯಾಟಿಕ್ ಜ್ವರ ಅಂದುಕೊಂಡು ಪೆನ್ಸಿಲಿನ್ ಇಂಜೆಕ್ಷನ್ ಹಾಕಿದರು. ಬೆಂಗಳೂರಿಗೆ ಹೋದ ಮೇಲೆ ಜೆಐಎ ಅಂತ ಗೊತ್ತಾಯಿತು.

ನ್ಯಾಪ್ರೋಕ್ಸೆನ್ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಕಷ್ಟವಾಗಿದ್ದು ಮೆಥೋಟ್ರೆಕ್ಸೇಟ್. ಪುಟ್ಟ ಹಳದಿ ಮಾತ್ರೆ, ಭಾನುವಾರ ರಾತ್ರಿ. ಆಮೇಲೆ ಆಮೇಲೆ ಭಾನುವಾರ ಮಧ್ಯಾಹ್ನದಿಂದಲೇ ವಾಕರಿಕೆ. ಅಮ್ಮ ನಿಂಬೆಹಣ್ಣಿನ ಚಿತ್ರಾನ್ನ ಮಾಡಿದರೆ ಆ ಬಣ್ಣ ನೋಡಿಯೇ ತಟ್ಟೆ ತಳ್ಳುತ್ತಿದ್ದೆ. ಫೋಲಿಕ್ ಆಸಿಡ್ ಕೊಟ್ಟರು, ಕೊನೆಗೆ ಚುಚ್ಚುಮದ್ದಿಗೆ ಬದಲಾಯಿಸಿದರು, ಸ್ವಲ್ಪ ತಡೆಯಿತು. ನಿಮ್ಮ ಮಗಳಿಗೆ ಅದು ಬೇಕಾಗದೇ ಇರಬಹುದು. ಬೇಕಾದರೆ ಒಂದು ನೆನಪಿಡಿ: ಅದು ವಾರಕ್ಕೆ ಒಂದೇ ಸಲ. ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ನಮ್ಮಪ್ಪ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಮಾತ್ರ ಸುತ್ತು ಹಾಕಿ, ಸ್ಟ್ರಿಪ್ಪನ್ನು ಬೀರುವಿನಲ್ಲಿ ಇಡುತ್ತಿದ್ದರು. ಅದರ ಜೊತೆ ನ್ಯಾಪ್ರೋಕ್ಸೆನ್ನೂ ನಡೆಯುತ್ತಿತ್ತು, ರಕ್ತ ಪರೀಕ್ಷೆ ಮಾತ್ರ ತಪ್ಪಿಸುತ್ತಿರಲಿಲ್ಲ. ಈಗ ಯಾವ ಮಾತ್ರೆಯೂ ಇಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ, ಇಳಿಯುವಾಗ ಮಾತ್ರ ಮಂಡಿ ಸ್ವಲ್ಪ ಗೊಣಗುತ್ತೆ.

ಮಂಡ್ಯದ ತಾಯಿ:
ನಿಮ್ಮದು ಓದಿ ಕಣ್ಣು ತುಂಬಿತು ಪುಟ್ಟಿ. ಮುಂದಿನ ವಾರ ಹೋಗುತ್ತಿದ್ದೇವೆ. ಪರೀಕ್ಷೆ ಅಂದರೆ ಏನೇನು ಮಾಡಿಸಬೇಕು?

ಕುವೆಂಪುನಗರ, ಮೈಸೂರು:
ಸಿಬಿಸಿ (ರಕ್ತಕಣಗಳ ಎಣಿಕೆ), ಕಿಡ್ನಿಯ ಕ್ರಿಯಾಟಿನಿನ್, ಲಿವರಿನ ಎಸ್‌ಜಿಪಿಟಿ, ಒಂದು ಮೂತ್ರ ಪರೀಕ್ಷೆ. ನಮಗೆ ಶುರುವಿನಲ್ಲಿ ಒಮ್ಮೆ, ಆಮೇಲೆ ವರ್ಷಕ್ಕೆ ಎರಡು ಸಲ ಸಾಕು ಅಂದಿದ್ದರು. ಮೆಥೋಟ್ರೆಕ್ಸೇಟ್ ಸೇರಿದ ಮೇಲೆ ಜಾಸ್ತಿ ಸಲ. ರಿಪೋರ್ಟೆಲ್ಲ ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಇಡಿ, ಕ್ರಿಯಾಟಿನಿನ್ ಏರುತ್ತಿದೆಯಾ ಅಂತ ಹಳೆಯದರ ಪಕ್ಕ ಇಟ್ಟು ನೋಡಿದರೆ ತಾನೇ ಗೊತ್ತಾಗುವುದು. ತೂಕ ಅಲ್ಲೇ ಹಾಕಿಸಿ. ಬೆಳೆಯುವ ಮಕ್ಕಳು, ಹಳೆಯ ಡೋಸೇ ನಡೆಯುತ್ತಾ ಇದ್ದರೆ ಮಾತ್ರೆ ಕೆಲಸ ಮಾಡುತ್ತಿಲ್ಲ ಅನ್ನಿಸುತ್ತೆ.

ಮೈಸೂರು, ಮೆಡಿಕಲ್ ಸ್ಟೋರಿನಲ್ಲಿ ಕೆಲಸ:
ಒಂದು ಬಿಟ್ಟುಹೋಯಿತು ಅಕ್ಕ. ಅರ್ಧ ಮಾತ್ರೆ ಅಂದಿರಲ್ವಾ, ಸ್ಟ್ರಿಪ್ಪಿನ ಮೇಲೆ ಎಂಟೆರಿಕ್ ಕೋಟೆಡ್ ಅಥವಾ ಗ್ಯಾಸ್ಟ್ರೋ ರೆಸಿಸ್ಟೆಂಟ್ ಅಂತ ಇದೆಯಾ ನೋಡಿ. ಇದ್ದರೆ ಅದನ್ನು ಮುರಿಯುವ ಹಾಗಿಲ್ಲ, ಮೇಲಿನ ಪದರ ಒಡೆದುಹೋಗುತ್ತೆ. ಆ ಸ್ಟ್ರಿಪ್ಪನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ, ನಡುವೆ ಗೆರೆ ಇರುವ ಮಾಮೂಲಿ 250ರದ್ದು ಕೊಡಿ ಅನ್ನಿ. ಮುರಿಯಲು ಚಾಕು ಬೇಡ, ಮಾತ್ರೆ ಕಟ್ಟರ್ ಸಿಗುತ್ತೆ.