ಚಾಂದ್ ಬೀಬಿಯ ಕೈಯಲ್ಲಿ ಗಿಡುಗವೇ ಏಕೆ?

ಗುಮ್ಮಟನಗರಿ (ವಿಜಯಪುರ):
ನಮ್ಮೂರಿನ ಚಾಂದ್ ಬಾವಡಿಯಿಂದ ಎಲ್ಲರಿಗೂ ಹೆಸರು ಪರಿಚಿತವಾಗಿರುವ ಚಾಂದ್ ಬೀಬಿಯ ಚಿತ್ರಗಳ ಬಗ್ಗೆ ಒಂದು ಸಂದೇಹವಿದೆ. ಆಕೆ ಮೊದಲನೆಯ ಅಲಿ ಆದಿಲಶಾಹನ ರಾಣಿಯಾಗಿದ್ದಳು. 1580ರಲ್ಲಿ ಅವನ ಕೊಲೆಯಾದಾಗ ಬಾಲಕ ಎರಡನೆಯ ಇಬ್ರಾಹಿಮನ ಪರವಾಗಿ ರಾಜಪ್ರತಿನಿಧಿಯಾದಳು, ಮುಂದೆ ತವರಾದ ಅಹ್ಮದನಗರಕ್ಕೆ ಮರಳಿ 1595-96ರಲ್ಲಿ ಮೊಗಲರ ಮುತ್ತಿಗೆಯನ್ನು ಎದುರಿಸಿದಳು. ಇಷ್ಟೆಲ್ಲ ಸ್ಥಾನಗಳಲ್ಲಿ ನಿಂತವಳನ್ನು ದಖನಿ ಚಿತ್ರಗಳು ಹೆಚ್ಚಾಗಿ ಒಂದೇ ಬಗೆಯಲ್ಲಿ, ಕುದುರೆಯೇರಿ ಗಿಡುಗ ಹಿಡಿದು ಬೇಟೆಗೆ ಹೊರಟವಳಂತೆ ತೋರಿಸುತ್ತವೆ. ರಾಣಿ, ರಾಜಪ್ರತಿನಿಧಿ, ಸೇನಾನಿ ಎಂಬ ಭೇದ ಚಿತ್ರಕಾರರಿಗೆ ಬೇಕಾಗಿರಲಿಲ್ಲವೇ?

ಹಳೇಕಾಗದ:
ಮೊದಲು ಕಾಲವನ್ನು ಗಮನಿಸಬೇಕು. ಆಕೆ ಹತಳಾದದ್ದು 1600ರಲ್ಲಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ ಪ್ರಸಿದ್ಧ ಬೇಟೆಯ ಚಿತ್ರ ಸುಮಾರು 1700ರದು. ಆದ್ದರಿಂದ ಅದನ್ನು ಬರೆದವನು ಆಕೆಯನ್ನು ಕಂಡವನಲ್ಲ, ಕೇಳಿದವನು. ಗಿಡುಗದ ಬೇಟೆ ಆ ಕಾಲದ ಸುಲ್ತಾನರ, ರಾಜಕುಮಾರರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಲಾಂಛನವಾಗಿದ್ದು, ಅದನ್ನು ಹೆಣ್ಣಿನ ಕೈಗೆ ಕೊಟ್ಟದ್ದೇ ‘ಇವಳೂ ಆಳಿದವಳು’ ಎಂದು ಹೇಳಿದಂತೆ. ಆದರೆ ಇಬ್ರಾಹಿಮನ ಆಸ್ಥಾನದಲ್ಲಿದ್ದ ಇತಿಹಾಸಕಾರ ಫರಿಶ್ತಾ ಬರೆಯುವ ಚಾಂದ್ ಬೀಬಿ ಬೇರೆ: ಸುರಂಗದ ಮದ್ದು ಸಿಡಿದು ಕೋಟೆಗೋಡೆ ಕುಸಿದಾಗ, ಮುಖಕ್ಕೆ ಪರದೆ ಹಾಕಿಕೊಂಡು ಬಿಚ್ಚುಗತ್ತಿ ಹಿಡಿದು ಆ ಕಂಡಿಯಲ್ಲಿ ನಿಂತವಳು. ಚಿತ್ರದಲ್ಲಿ ಪರದೆಯೂ ಇಲ್ಲ, ಕತ್ತಿಯ ಆರ್ಭಟವೂ ಇಲ್ಲ. ಇನ್ನು ವಿಜಾಪುರದ ವರ್ಷಗಳಂತೂ ಚಿತ್ರಕ್ಕೆ ಒಗ್ಗುವಂಥವಲ್ಲ. ಮಂತ್ರಿಗಳ ಕಚ್ಚಾಟದ ನಡುವೆ ಕಿಶ್ವರ್ ಖಾನನು ಆಕೆಯನ್ನು ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟದ್ದನ್ನು ಯಾವ ದರಬಾರು ತಾನೇ ಬರೆಯಿಸೀತು?

ಡೋಣಿತೀರ:
ಹಳೇಕಾಗದ ಅವರ ಕೊನೆಯ ಮಾತೇ ನನಗೆ ಮುಖ್ಯವೆನಿಸುತ್ತದೆ: ಚಿತ್ರವನ್ನು ಬರೆಯಿಸುವವರು ಯಾರು? ಇದಕ್ಕೆ ಚಾಂದ್ ಬೀಬಿಗಿಂತ ಆಕೆಯ ತಾಯಿ ಖುಂಜಾ ಹುಮಾಯೂನಳ ಉದಾಹರಣೆ ಹೆಚ್ಚು ಸ್ಪಷ್ಟ. 1565ರ ತಾಳಿಕೋಟೆ ಯುದ್ಧದಲ್ಲಿ ಭಾಗವಹಿಸಿದ ಆಕೆಯ ಗಂಡ, ಅಹ್ಮದನಗರದ ಸುಲ್ತಾನ ಹುಸೇನ್ ನಿಜಾಮಶಾಹನನ್ನು ಹೊಗಳುವ ‘ತಾರೀಫ್-ಎ-ಹುಸೇನ್ ಶಾಹಿ’ ಎಂಬ ಸಚಿತ್ರ ಹಸ್ತಪ್ರತಿ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ಗಂಡನು ಅದೇ ವರ್ಷ ತೀರಿಕೊಂಡ ಮೇಲೆ ಎಳೆಯ ಮಗ ಮುರ್ತಜಾನ ಪರವಾಗಿ ಆಳಿದ್ದು ಆಕೆಯೇ. ಆ ಹಸ್ತಪ್ರತಿಯ ಚಿತ್ರಗಳಲ್ಲಿ ಆಕೆ ಸಿಂಹಾಸನದ ಮೇಲೆ ಸುಲ್ತಾನನ ಪಕ್ಕದಲ್ಲೇ ಕುಳಿತಿದ್ದಳು. ರಾಣಿಯನ್ನು ಹಾಗೆ ರಾಜನ ಸರಿಸಮಕ್ಕೆ ಕೂಡಿಸಿ ಬರೆಯುವುದು ಅಂದಿನ ಮುಸ್ಲಿಂ ದರಬಾರುಗಳಲ್ಲಿ ಬಹಳ ಅಪರೂಪ. ಮಗನು ದೊಡ್ಡವನಾಗಿ ತಾಯಿಯನ್ನು ಸೆರೆಗೆ ತಳ್ಳಿದ. ಆಮೇಲೆ ಆ ಪುಟಗಳಲ್ಲಿ ಆಕೆಯ ಆಕೃತಿಯನ್ನೂ ಅಳಿಸಿ, ಮೇಲೆ ಬಣ್ಣ ಬಳಿದರು. ರಾಜ ಹಾಗೆಯೇ ಉಳಿದಿದ್ದಾನೆ, ಪಕ್ಕದಲ್ಲಿ ಕಲೆಯಿದೆ. ಸ್ಥಾನ ಬದಲಾದದ್ದನ್ನು ಇಷ್ಟು ನೇರವಾಗಿ ದಾಖಲಿಸಿದ ಚಿತ್ರ ಬೇರೊಂದನ್ನು ನಾನು ನೋಡಿಲ್ಲ, ಬರೆದವನ ಉದ್ದೇಶ ಅದಾಗಿರಲಿಲ್ಲ ಎನ್ನುವುದು ಬೇರೆ ಮಾತು.

ಮಲಪ್ರಭಾ (ಬೆಳಗಾವಿ):
ಇದಕ್ಕೆ ಎದುರಾಗಿ ನೂರ್ ಜಹಾನಳ ಚಿತ್ರವನ್ನು ಇಡಬಹುದು. ಜಹಾಂಗೀರನ ಆಸ್ಥಾನದ ಅಬುಲ್ ಹಸನ್ ಆಕೆಯನ್ನು ಬಂದೂಕು ಹಿಡಿದು ನಿಂತ ಭಂಗಿಯಲ್ಲಿ, ಆಕೆ ಬದುಕಿದ್ದಾಗಲೇ ಬರೆದ. ಅದು ಈಗ ರಾಮಪುರದ ರಜಾ ಗ್ರಂಥಾಲಯದಲ್ಲಿದೆ. ಬಾದಶಹನ ಒಪ್ಪಿಗೆಯಿದ್ದುದರಿಂದ ಆಕೆಯ ಹೆಸರಿನಲ್ಲಿ ನಾಣ್ಯವೂ ಚಲಾವಣೆಗೆ ಬಂತು. ನಮ್ಮ ಕಿತ್ತೂರು ಚೆನ್ನಮ್ಮನ ವಿಷಯದಲ್ಲಿ ಬರೆಯಿಸಿದ್ದು ದರಬಾರಲ್ಲ, ಜನ. ಆದ್ದರಿಂದ ಕುದುರೆ, ಖಡ್ಗ ಉಳಿದವು. ದತ್ತಕಪುತ್ರನ ಹಕ್ಕಿಗಾಗಿ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ನನಿಗೆ ಪತ್ರ ಬರೆದು ವಾದಿಸಿದ ಚೆನ್ನಮ್ಮ ಯಾವ ಪ್ರತಿಮೆಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಗುಮ್ಮಟನಗರಿ:
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಗಿಡುಗದ ಚಿತ್ರವನ್ನು ಚಾಂದ್ ಬೀಬಿಯ ದರಬಾರಿನದೆಂದು ಓದದೆ, ಆಕೆಯನ್ನು ನೂರು ವರ್ಷಗಳ ನಂತರ ನೆನೆದ ದಖನದ ಚಿತ್ರವೆಂದು ಓದುತ್ತೇನೆ. 1686ರಲ್ಲಿ ವಿಜಾಪುರವೇ ಔರಂಗಜೇಬನ ವಶವಾಗಿತ್ತು. ಮೊಗಲರಿಗೆ ಮಣಿಯದ ರಾಣಿಯನ್ನು ಆ ಹೊತ್ತಿನಲ್ಲಿ ಯಾರು, ಯಾರಿಗಾಗಿ ಬರೆಯಿಸಿದರು ಎಂಬುದು ನನ್ನ ಮುಂದಿನ ಪ್ರಶ್ನೆ.